ಕಾಲು ಮುಂದಾಗಿ ಹುಟ್ಟಿದವಳಿಗೆ

ಪಾಂಡವಪುರ
೧೭-೧-೧೯೯೫, ಮಂಗಳವಾರ

ಪ್ರೀತಿಯ ಚಂದ್ರಕಲಾ,

ನೀನು ಹೇಗಿದ್ದೀಯ? ನಮ್ಮ ಪುಟ್ಟಿ ಹೇಗಿದ್ದಾಳೆ? ಅವಳ ನೆಗಡಿ ಪೂರ್ತಿ ಬಿಟ್ಟಿತೇ, ಮೂಗು ಇನ್ನೂ ಗೊರಗೊರ ಅನ್ನುತ್ತದೆಯೇ? ಈ ಚಳಿಯಲ್ಲಿ ಅತ್ತೆಯವರು ಮಗುವಿಗೆ ಬೆಳಗಿನ ಜಾವವೇ ನೀರು ಹಾಕುತ್ತಾರೆಂದು ಕೃಷ್ಣ ಹೇಳಿದ. ಸ್ವಲ್ಪ ಬಿಸಿಲು ಏರಿದ ಮೇಲೆ ಹಾಕಬಹುದಲ್ಲ ಎಂದು ನನ್ನ ಹೆಸರು ಹೇಳದೆ ಅವರಿಗೆ ತಿಳಿಸು. ನಿನ್ನ ತಲೆಗೆ ಹತ್ತಿ ಕಟ್ಟಿಕೊಳ್ಳುವುದನ್ನು ಮರೆಯಬೇಡ. ಪಥ್ಯದ ಊಟ ಬೇಜಾರಾಗಿದೆ, ಒಂದು ತುತ್ತು ಮೊಸರನ್ನ ಸಿಕ್ಕಿದರೆ ಸಾಕು ಅಂತ ಹೇಳಿಕಳಿಸಿದ್ದೀಯಂತೆ. ಇನ್ನೇನು ಮುಗಿಯುತ್ತಾ ಬಂತು, ತಡೆದುಕೋ. ಇಲ್ಲಿ ನಾನೇ ಮಾಡಿಕೊಳ್ಳುವ ಸಾರು ತಿಂದರೆ ನಿನಗೆ ಆ ಪಥ್ಯವೇ ಪರಮಾನ್ನ ಅನ್ನಿಸುತ್ತದೆ.

ಸಂಕ್ರಾಂತಿಯ ಮಾರನೆಯ ದಿನ ನಿನ್ನ ತಮ್ಮ ಕೃಷ್ಣ ಬಂದಿದ್ದು ನನಗೆ ಎಷ್ಟು ಹಿತವಾಯಿತೆಂದರೆ, ಅವನು ತಂದ ಎಳ್ಳುಬೆಲ್ಲ, ಕಬ್ಬು ಎಲ್ಲಕ್ಕಿಂತ ಅವನ ಬಾಯಿಮಾತೇ ಹಬ್ಬವಾಗಿತ್ತು. ಕೂತವನು ಎದ್ದೇಳುವವರೆಗೂ ನಗಿಸಿದ. ಮಾವನವರ ಚಪ್ಪಲಿಯ ಕಥೆ ಹೇಳಿದನಲ್ಲ, ಅದನ್ನು ನೆನೆದರೆ ಈಗಲೂ ನಗು ಬರುತ್ತದೆ. 'ಬಾವ, ಅಪ್ಪನ ಎಡಗಾಲಿನ ಎಕ್ಕಡ ದಾರೀಲೇ ಉಳ್ಕಂಡ್ಬುಟ್ಟಿತ್ತು ಕಣಿ. ಅವರಿಗೆ ಗ್ಯಾನವೇ ಇಲ್ಲ. ಒಂದು ಕಾಲಲ್ಲಿ ಎಕ್ಕಡ, ಒಂದು ಬರೀ ಕಾಲು, ಅಂಗೇ ಓಗಿ ಹಾಲಿನ ಸೊಸೈಟೀಲಿ ಬರೆಯಕ್ಕೆ ಕುಂತವ್ರೆ. ಆಮೇಲೆ ನಮ್ಮ ನಾಯಿ ಕಚ್ಕಂಡು ಬಂದು ಮುಂದೆ ಇಕ್ತು' ಅಂತ ಅವನು ನಾಯಿಯ ಹಾಗೇ ಮುಖ ಮಾಡಿ ತೋರಿಸಿದ. ಮಾವನವರಿಗೆ ಮೊಮ್ಮಗಳು ಬಂದ ಸಂತೋಷದಲ್ಲಿ ನೆಲ ಕಾಣುತ್ತಿಲ್ಲ ಅಂತ ನಾನೂ ನಕ್ಕೆ. ನಕ್ಕಿದ್ದಕ್ಕೆ ಸೊಂಟದಲ್ಲಿ ಚಳುಕು ಬಂದು ಗೋಡೆ ಹಿಡಿದುಕೊಂಡೆ. ಕೃಷ್ಣನಿಗೆ ಕಾಣದ ಹಾಗೆ ನಿಭಾಯಿಸಿದೆ ಅಂದುಕೊಂಡಿದ್ದೇನೆ. ಕಂಡಿದ್ದರೆ ನಿನಗೆ ಆಗಲೇ ವರದಿ ಬಂದಿರುತ್ತದೆ.

ಆದ್ದರಿಂದ ವಿಷಯಕ್ಕೆ ಬರುತ್ತೇನೆ. ಗಾಬರಿಯಾಗಬೇಡ. ಹೀಗೆ ಬರೆದರೆ ಯಾರಿಗಾದರೂ ಗಾಬರಿಯೇ ಆಗುತ್ತದೆ, ಆದರೂ ಬೇರೆ ಹೇಗೆ ಬರೆಯಬೇಕೋ ನನಗೆ ತಿಳಿಯದು. ಬರುವ ಭಾನುವಾರ ತೊಟ್ಟಿಲ ಶಾಸ್ತ್ರಕ್ಕೆ ನಾನು ಬರಲಾರೆ. ಡಾಕ್ಟರು ಬಸ್ಸು ಹತ್ತಬೇಡಿ ಅಂದಿದ್ದಾರೆ. ಈ ಪತ್ರವನ್ನು ಕೂಡ ಅಡುಗೆಮನೆ ಕಟ್ಟೆಯ ಮೇಲೆ ರಾಗಿಹಿಟ್ಟಿನ ಡಬ್ಬ ಬೋರಲು ಹಾಕಿ, ಅದರ ಮೇಲೆ ಕಾಗದವಿಟ್ಟು ನಿಂತುಕೊಂಡೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅದಕ್ಕೇ.

ಹೆಣ್ಣು ಹುಟ್ಟಿತು ಅಂತ ಅಳಿಯ ತೊಟ್ಟಿಲಿಗೂ ಬರಲಿಲ್ಲ ಎಂದು ನಿಮ್ಮೂರಿನ ಹೆಂಗಸರು ಆಡಿಕೊಳ್ಳುತ್ತಾರೆ. ಆಡಿಕೊಳ್ಳುವವರ ಬಾಯಿಗೆ ನಾನೇ ಅಕ್ಕಿಬೆಲ್ಲ ಹಾಕಿದ ಹಾಗಾಯಿತು. ನೀನು ಮಾತ್ರ ಹಾಗೆ ಅಂದುಕೊಳ್ಳಬೇಡ. ನಾಗಮಂಗಲದ ಆಸ್ಪತ್ರೆಯಲ್ಲಿ ಒಂದೇ ಒಂದು ಸಲ ನೋಡಿದ ಆ ಮುಖ ನನ್ನ ಕಣ್ಣೆದುರಿಗೇ ಇದೆ. ಮುಷ್ಟಿ ಬಿಚ್ಚದೆ ಮಲಗಿದ್ದಳಲ್ಲ, ಆ ಮುಷ್ಟಿಯೊಳಗೆ ಬೆರಳಿಡಬೇಕು ಅಂತ ನನಗೆ ಎಷ್ಟು ಆಸೆಯಿದೆ ಎಂದು ಹೇಗೆ ಹೇಳಲಿ? ಅವತ್ತು ನಾನು ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಪಾಂಡವಪುರದವರೆಗೆ ನಿಂತೇ ಬಂದೆ. ಕೂತರೆ ಸೊಂಟ ಸೀಳುತ್ತಿತ್ತು.

ಎಲ್ಲ ಶುರುವಾದದ್ದು ಎಲೆಕ್ಷನ್ ಕೆಲಸದಿಂದ. ನಿನ್ನನ್ನು ಬಾಣಂತನಕ್ಕೆ ಕಳಿಸಿದ ವಾರದಿಂದಲೇ ಕಚೇರಿಯಲ್ಲಿ ನೂರಾರು ಪ್ರತಿ ತೆಗೆಯಲು ಸ್ಟೆನ್ಸಿಲ್ ಕತ್ತರಿಸುವ ಕೆಲಸ ನನ್ನ ತಲೆಗೆ ಬಂತು. ಸ್ಟೆನ್ಸಿಲ್ ಕಾಗದದ ಮೇಲೆ ಟೈಪ್‌ರೈಟರಿನ ಕೀಲಿಯನ್ನು ಕುಟ್ಟಿ ಕುಟ್ಟಿ ಹೊಡೆಯದಿದ್ದರೆ ಅಚ್ಚು ಮೂಡುವುದಿಲ್ಲ. ನೋಡಿ ಹೊಡೆಯಬೇಕಾದ ಹಾಳೆಗಳು ಎಡಗಡೆ ಮೇಜಿನ ಮೇಲೆ ಮಲಗಿರುತ್ತವೆ. ಸೊಂಟ ಬಲಕ್ಕೆ, ಕತ್ತು ಎಡಕ್ಕೆ. ಕುರ್ಚಿ ನಿನಗೆ ಗೊತ್ತಲ್ಲ, ಒಂದು ದಿನ ಬುತ್ತಿ ತಂದಾಗ ಕೂತು 'ಇದೇನು ತೊಟ್ಟಿಲೋ' ಅಂದಿದ್ದೆಯಲ್ಲ, ಅದೇ ಹಗ್ಗದ ಹಾಗೆ ಜೋತುಬಿದ್ದ ಬೆತ್ತದ ಕುರ್ಚಿ. ಮೇಜು ಎದೆಯ ಎತ್ತರಕ್ಕೆ, ಕುರ್ಚಿ ಪಾತಾಳಕ್ಕೆ. ಬೆಳಿಗ್ಗೆ ಕೂತವನು ಊಟಕ್ಕೆ ಏಳುತ್ತಿದ್ದೆ, ಊಟ ಮುಗಿಸಿ ಕೂತರೆ ದೀಪ ಹಚ್ಚುವ ಹೊತ್ತಿಗೆ. ನಡುವೆ ಎದ್ದರೆ ಹೆಡ್ ಕ್ಲರ್ಕ್ ತಮ್ಮಯ್ಯನವರು ಕನ್ನಡಕದ ಮೇಲಿಂದ ನೋಡಿ 'ಎಲ್ಲಿಗ್ರೀ ಶಂಕರ್ ಸವಾರಿ?' ಅನ್ನುತ್ತಿದ್ದರು. ಆ ಒಂದು ಮಾತಿಗೆ ಹೆದರಿ ಒಂದಕ್ಕೆ ಬಂದರೂ ತಡೆದುಕೊಂಡು ಕೂರುತ್ತಿದ್ದೆ. ನೀನು ನನ್ನನ್ನು ಪುಕ್ಕಲ ಅನ್ನುವುದು ಸುಮ್ಮನಲ್ಲ.

ಟೈಂಪೀಸು ಬಡಿಯಿತು. ಅರ್ಧ ಗಂಟೆಗೊಮ್ಮೆ ಅಲಾರಂ ಇಟ್ಟುಕೊಂಡು ತಿರುಗಾಡಬೇಕು ಅಂತ ಡಾಕ್ಟರ ಅಪ್ಪಣೆ. ತುಳಸಿಕಟ್ಟೆಯವರೆಗೆ ಹೋಗಿ ಬಂದೆ. ನಮ್ಮ ವಠಾರದವರಿಗೆಲ್ಲ ಈಗ ನನ್ನ ಅಲಾರಮ್ಮೇ ಗಡಿಯಾರ. ಎದುರುಮನೆಯ ತಾಜ್ ಬೀ ಅದನ್ನು ಕೇಳಿ ಅನ್ನಕ್ಕೆ ಎಸರಿಡುತ್ತಾರೆ.

ಎಲ್ಲಿದ್ದೆ? ನವೆಂಬರಿನಲ್ಲಿ ಬೆನ್ನು ಬರೀ ನೋಯುತ್ತಿತ್ತು. ನೀನಿದ್ದಿದ್ದರೆ ಭಾನುವಾರ ಬೆಳಿಗ್ಗೆ ಚಾಪೆಯ ಮೇಲೆ ಬೋರಲು ಮಲಗಿಸಿ, ಬಾಗಿಲು ಹಾಕಿ ಬಂದು, ಮೂರು ಸಲ ಸೊಂಟಕ್ಕೆ ಕಾಲು ಮುಟ್ಟಿಸುತ್ತಿದ್ದೆ. ಗಂಡನನ್ನು ಒದ್ದ ಪಾಪಕ್ಕೆ ಅಂತ ಆಮೇಲೆ ನನ್ನ ಕಾಲಿಗೆ ನಮಸ್ಕಾರ ಮಾಡಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆ. ತಾಯ ಹೊಟ್ಟೆಯಿಂದ ಕಾಲು ಮುಂದಾಗಿ ಬಂದವಳ ಕಾಲಿಗೆ ಉಳುಕು ತೆಗೆಯುವ ಗುಣವಿದೆ ಅಂತ ಬಿಂಡಿಗನವಿಲೆಯಲ್ಲಿ ನೀನು ಲಂಗ ತೊಡುವ ವಯಸ್ಸಿನಿಂದಲೇ ಜನ ನಿಮ್ಮ ಮನೆಯ ಜಗಲಿಯಲ್ಲಿ ಬಂದು ಮಲಗುತ್ತಿದ್ದರಂತೆ. ನನಗೂ ನಿನ್ನ ಕಾಲಿನಿಂದ ಗುಣವಾಗುತ್ತಿತ್ತು, ಸುಳ್ಳಲ್ಲ. ಈಗ ಯೋಚಿಸಿದರೆ, ಕಾಲು ಮುಟ್ಟಿಸಿದ ಮೇಲೆ ಸಂಜೆಯವರೆಗೆ ಬಗ್ಗಬಾರದು, ಭಾರ ಎತ್ತಬಾರದು, ಮಲಗಿರಬೇಕು ಅಂತ ನೀನು ಹಾಕುತ್ತಿದ್ದ ಕಟ್ಟಳೆಯೇ ಅರ್ಧ ಗುಣ ಮಾಡುತ್ತಿತ್ತೇನೋ. ನೀನಿಡುತ್ತಿದ್ದುದಾದರೂ ಹೆಬ್ಬೆರಳಿನಷ್ಟು ಭಾರ. ಬೆಕ್ಕು ಹತ್ತಿ ಇಳಿದ ಹಾಗೆ.

ನೀನಿರಲಿಲ್ಲ. ನೋವು ಸೊಂಟದಿಂದ ಇಳಿದು ಎಡತೊಡೆಗೆ ಬಂತು. ಡಿಸೆಂಬರಿನಲ್ಲಿ ಒಂದು ದಿನ ಪೆನ್ಷನ್ ಕೆಲಸಕ್ಕೆ ನಮ್ಮ ಹಳೆಯ ಟೈಪಿಸ್ಟ್ ನರಸಯ್ಯನವರು ಕೆ.ಆರ್. ಪೇಟೆಯಿಂದ ಬಂದಿದ್ದರು. ನಾನೀಗ ಕೂರುವ ಕುರ್ಚಿಯಲ್ಲಿ ನನಗಿಂತ ಮುಂಚೆ ಕೂತಿದ್ದವರು ಅವರೇ. ಮನುಷ್ಯ ನೆಲ ನೋಡಿಕೊಂಡೇ ಬಂದರು, ನೆಲ ನೋಡಿಕೊಂಡೇ ಮಾತಾಡಿದರು. ಬಾಗಿದ ಬೆನ್ನು ನೆಟ್ಟಗಾಗುವುದೇ ಇಲ್ಲ. ನನ್ನ ಕುರ್ಚಿಯ ಬೆನ್ನನ್ನು ಸವರಿ 'ಇನ್ನೂ ಐತಾ ಇದು?' ಅಂದರು. ಅವತ್ತು ನನಗೆ ಊಟ ಸೇರಲಿಲ್ಲ ಚಂದ್ರಾ. ಪುಟ್ಟಿ ಓಡಾಡುವ ಹೊತ್ತಿಗೆ ನಾನು ಅವಳ ಮುಖ ನೋಡಲು ಕತ್ತನ್ನು ಪಕ್ಕಕ್ಕೆ ತಿರುಗಿಸಬೇಕಾಗುತ್ತದೆಯೇ ಎಂಬ ಹೆದರಿಕೆ ಹೊಕ್ಕಿತು. ಹೊಕ್ಕಿದ್ದು ಹೋಗಿಲ್ಲ.

ಆ ಹೆದರಿಕೆಯೇ ನನ್ನನ್ನು ಗಂಜಾಂಗೆ ಅಟ್ಟಿತು. ನಿನ್ನ ಹಾಗೇ ಕಾಲು ಮುಂದಾಗಿ ಹುಟ್ಟಿದವನೊಬ್ಬ ಅಲ್ಲಿದ್ದಾನೆ, ಕುಳ್ಳಯ್ಯ ಅಂತ, ಎಂಥ ಉಳುಕನ್ನೂ ತುಳಿದು ಬಿಡಿಸುತ್ತಾನೆ ಅಂತ ಕಚೇರಿಯಲ್ಲಿ ಯಾರೋ ಹೇಳಿದರು. ಎಲೆ ಅಡಿಕೆ ತೆಗೆದುಕೊಂಡು ಹೋದೆ. ಹೆಸರಿಗೆ ಮಾತ್ರ ಕುಳ್ಳಯ್ಯ, ಆಳು ನಮ್ಮ ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಅದಕ್ಕೆ ತಕ್ಕ ಗಾತ್ರ. ಪಾಪ, ಒಳ್ಳೆಯ ಮನುಷ್ಯ. ಎಲೆ ಅಡಿಕೆ ಬಿಟ್ಟರೆ ಏನೂ ಮುಟ್ಟುವುದಿಲ್ಲ. 'ಬೆನ್ ಮ್ಯಾಲೆ ಮಾಡ್ಕಂಡು ಮನೀಕಳಿ ಸೋಮಿ, ಉಸ್ರು ಬಿಗಿ ಇಡೀಬೇಡಿ' ಅಂದ. ಕಾಲು ಮುಟ್ಟಿಸುತ್ತಾನೆ ಅಂದುಕೊಂಡಿದ್ದೆ. ಅವನು ನಿಂತ. ಎರಡೂ ಕಾಲಿಟ್ಟು, ಸೂರಿನ ತೊಲೆ ಹಿಡಿದುಕೊಂಡು, ಸೊಂಟದ ಮೇಲೆ ನಿಂತ. ಒಳಗೆ ಏನೋ ಲಟಕ್ಕೆಂದಿತು. ಸುತ್ತ ಇದ್ದವರೆಲ್ಲ 'ಓಯ್ತು ಬುಡಿ ಉಳುಕು' ಅಂದರು. ಎದ್ದು ನಿಂತೆ, ನೋವು ಅರ್ಧಕ್ಕರ್ಧ ಇಲ್ಲ! ಖುಷಿಯಲ್ಲಿ ನಿಮಿಷಾಂಬ ಗುಡಿಗೆ ಹೋಗಿ ನಿನ್ನ ಹೆಸರಲ್ಲಿ, ಪುಟ್ಟಿ ಹೆಸರಲ್ಲಿ ಕಾಯಿ ಒಡೆಸಿದೆ. ಶ್ರೀರಂಗಪಟ್ಟಣದಲ್ಲಿ ಬಸ್ಸು ಹತ್ತಿದಾಗ ಎಡಗಾಲಿನ ಮೀನಖಂಡದಲ್ಲಿ ಬೆಂಕಿ ಹರಿದ ಹಾಗೆ ಉರಿ ಶುರುವಾಯಿತು. ಪಾಂಡವಪುರದಲ್ಲಿ ಇಳಿಯುವ ಹೊತ್ತಿಗೆ ಉರಿ ಹೋಗಿ ಜೋಮು ಹಿಡಿದಿತ್ತು. ಅದಕ್ಕಿಂತ ಉರಿಯೇ ವಾಸಿ ಅನ್ನಿಸಿತು. ನನ್ನ ಪಾದವನ್ನು ನಾನೇ ಚಿವುಟಿಕೊಂಡರೆ ಬೇರೆ ಯಾರದೋ ಕಾಲನ್ನು ಚಿವುಟಿದ ಹಾಗೆ.

ಆಮೇಲಿನ ದಿನಗಳನ್ನು ಹೇಗೆ ಕಳೆದೆನೋ ದೇವರಿಗೇ ಗೊತ್ತು. ಹೊಸಲು ದಾಟುವಾಗ ಎಡಗಾಲಿನ ಬೆರಳು ತಗಲುತ್ತಿತ್ತು. ಮುಗ್ಗರಿಸಿದರೆ ಸುತ್ತ ಯಾರಾದರೂ ನೋಡಿದರೇ ಅಂತ ನೋಡುತ್ತಿದ್ದೆ. ಕಡೆಗೆ ನೋಡಿದವರು ಮುನಾವರ್ ಪಾಷಾ. ನಮ್ಮ ಕಚೇರಿಯ ಟೈಪ್‌ರೈಟರುಗಳನ್ನು ರಿಪೇರಿ ಮಾಡಲು ಶ್ರೀರಂಗಪಟ್ಟಣದಿಂದ ಬರುತ್ತಾರಲ್ಲ, ಅವರೇ. 'ಅರೆ ಸಾಬ್, ಪಾಂವ್, ಕಾಲು ಯಾಕೆ ಇಂಗೆ ಎಳೀತೀರಿ? ಮಿಷಿನ್ ಆದ್ರೆ ಬಿಚ್ಚಿ ಎಣ್ಣೆ ಬಿಡ್ತಿದ್ದೆ, ಇದು ನನ್ ಕೈಲಿ ಆಗಾಕಿಲ್ಲ, ನಡೀರಿ' ಅಂತ ಬಲವಂತವಾಗಿ ಮೈಸೂರಿಗೆ ಕರೆದುಕೊಂಡು ಹೋದರು. ಅವರ ಉಪಕಾರ ಮರೆಯುವ ಹಾಗಿಲ್ಲ. ನೀನು ಬಂದ ಮೇಲೆ ಅವರ ಮನೆಯವರನ್ನು ಊಟಕ್ಕೆ ಕರೆಯಬೇಕು.

ಮೈಸೂರಿನ ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. ಗುಂಡುಸೂಜಿಯಿಂದ ಪಾದಕ್ಕೆ ಅಲ್ಲಲ್ಲಿ ಚುಚ್ಚಿ 'ಚುಚ್ಚಿದೆನಾ?' ಅಂತ ಕೇಳಿದರು. ಕೆಲವು ಕಡೆ ಚುಚ್ಚಿದ್ದೇ ನನಗೆ ತಿಳಿಯಲಿಲ್ಲ. ಹಿಮ್ಮಡಿಯ ಮೇಲೆ ನಡೆಯಿರಿ ಅಂದರು. ಬಲಗಾಲಿನ ಮುಂಭಾಗ ಎದ್ದಿತು, ಎಡಗಾಲಿನದು ಏಳಲಿಲ್ಲ. ಪುಟ್ಟಿಗೆ ಈಗ ಕಾಲು ಝಾಡಿಸುವುದು ಬರುತ್ತದೆ, ನನಗೆ ಪಾದ ಎತ್ತುವುದು ಬರಲಿಲ್ಲ. ಅಲ್ಲೇ ಅತ್ತುಬಿಟ್ಟೆ ಚಂದ್ರಾ, ಮುನಾವರ್ ಪಾಷಾ ಎದುರಿಗೆ. ಬೆನ್ನುಮೂಳೆಯ ಬಿಲ್ಲೆ ಜರುಗಿ ಕಾಲಿಗೆ ಹೋಗುವ ನರವನ್ನು ಒತ್ತುತ್ತಿದೆಯಂತೆ. ತಿಂಗಳುಗಟ್ಟಲೆ ಸೊಟ್ಟ ಕೂತಿದ್ದಕ್ಕೆ ಅದು ಮೊದಲೇ ಸಡಿಲವಾಗಿತ್ತು, ತುಳಿಸಿದ್ದರಿಂದ ಇನ್ನಷ್ಟು ಜರುಗಿತು ಅಂದರು. 'ಬೆನ್ನು ಮಾತ್ರ ಹಿಡಿದರೆ ಒಂದು ಲೆಕ್ಕ. ಕಾಲಿನ ಬಲ ಹೋಗ್ತಿದೆ ಅಂದ್ರೆ ಆ ಬೆನ್ನಿನ ಮೇಲೆ ಯಾರ ಕಾಲೂ ಬೀಳಬಾರದು, ಮಗು ಕಾಲೂ ಬೇಡ' ಅಂತ ಗಟ್ಟಿಯಾಗಿ ಹೇಳಿದರು. ಈಗ ಆಪರೇಷನ್ ಬೇಡ, ಮಾತ್ರೆ, ವಿಶ್ರಾಂತಿಯಲ್ಲಿ ನೋಡೋಣ, ಸಾಮಾನ್ಯವಾಗಿ ನರ ಚೇತರಿಸಿಕೊಳ್ಳುತ್ತದೆ ಅಂದರು. ಆದರೆ ಎರಡೂ ಕಾಲಿಗೆ ಬಂದರೆ, ಅಥವಾ ಮೂತ್ರ ಕಟ್ಟಿದರೆ, ಒಂದು ದಿನವೂ ಕಾಯದೆ ಓಡಿ ಬರಬೇಕಂತೆ. ಅವತ್ತಿನಿಂದ ನಾನು ಬಚ್ಚಲಿಗೆ ಹೋಗುವುದೂ ಹೆದರಿಕೊಂಡೇ.

ಮತ್ತೆ ಅಲಾರಂ. ತುಳಸಿಗೆ ಒಂದು ಚೊಂಬು ನೀರು ಹಾಕಿ ಬಂದೆ, ಬಗ್ಗದೆ.

ನಿನ್ನ ಗಂಡನ ಹೊಸ ವೈಭವ ಕೇಳು. ಕಚೇರಿಯ ಮೇಜು ಎತ್ತರ ಅಂತ ಅದರ ಕಾಲು ಕುಯ್ಯಿಸಲು ಹೋದರೆ ತಮ್ಮಯ್ಯನವರು 'ಸರ್ಕಾರಿ ಮೇಜಿನ ಕಾಲು ಕುಯ್ಯೋಕೆ ಮೇಲಿಂದ ಆರ್ಡರ್ ಬರಬೇಕು ಕಣ್ರೀ, ನಿಮ್ಮ ಕಾಲಿಗಾದ್ರೆ ಬೇಡ' ಅಂದರು. ಮೇಜು ಇಳಿಯದಿದ್ದರೆ ನಾನೇ ಏರುತ್ತೇನೆ ಅಂತ, ಬೆತ್ತದ ಕುರ್ಚಿ ಬಿಟ್ಟು ಮರದ ಕುರ್ಚಿ ಹಾಕಿಸಿ ಮೇಲೆ ಹಲಗೆ ಇಡಿಸಿದ್ದೇನೆ. ಕಾಲು ತೂಗಾಡದ ಹಾಗೆ ಕೆಳಗೆ ಇಟ್ಟಿಗೆ. ಸೊಂಟದ ಹಿಂದೆ ನೀನು ಅಂಚು ಹೊಲಿದ ಟವೆಲನ್ನು ಸುರುಳಿ ಸುತ್ತಿ ಇಟ್ಟುಕೊಳ್ಳಬೇಕು. ಹಾಳೆಗಳನ್ನು ಕಣ್ಣೆದುರು ನಿಲ್ಲಿಸಲು ಮುನಾವರ್ ಪಾಷಾ ತಗಡಿನ ಸ್ಟ್ಯಾಂಡು ಮಾಡಿಕೊಟ್ಟಿದ್ದಾರೆ. ರಜೆ ಮುಗಿಸಿ ಹೋದ ಮೇಲೆ ಅಲಾರಂ ಬಡಿದಾಗೆಲ್ಲ ಎದ್ದು ವರಾಂಡದ ತುದಿ ಮುಟ್ಟಿ ಬರುವುದು. ತಮ್ಮಯ್ಯನವರು ಸವಾರಿ ಎಲ್ಲಿಗೆ ಅಂದರೆ 'ಬೆನ್ನಿಗೆ ಸಾರ್' ಅನ್ನುತ್ತೇನೆ. ಬಿಂದಿಗೆ ಎತ್ತುವಾಗ ಸೊಂಟ ಬಗ್ಗಿಸದೆ ಮೊಣಕಾಲು ಮಡಿಸಬೇಕಂತೆ. ಮಲಗುವಾಗ ಮೊಣಕಾಲ ಕೆಳಗೆ ದಿಂಬು. ಇದನ್ನೆಲ್ಲ ನೀನೂ ಈಗಿನಿಂದಲೇ ರೂಢಿ ಮಾಡಿಕೋ, ಬಗ್ಗಿ ಮಗು ಎತ್ತಬೇಡ, ಹತ್ತಿರ ಎಳೆದುಕೊಂಡು ಎತ್ತು. ಪುಟ್ಟಿಯನ್ನು ಎತ್ತಿಕೊಳ್ಳಬಹುದೇ ಅಂತ ಡಾಕ್ಟರನ್ನು ಕೇಳಿದೆ. 'ನೀವು ಕೂತಿರಿ, ತೊಡೆ ಮೇಲೆ ಯಾರಾದರೂ ಕೊಡಲಿ' ಅಂದರು. ನೀನು ಬಂದು ಕೊಡಬೇಕು. ಪಾದ ಈಗ ಮೊದಲಿಗಿಂತ ಕೂದಲೆಳೆಯಷ್ಟು ಏಳುತ್ತದೆ ಅಂತ ನನಗೆ ಅನ್ನಿಸುತ್ತದೆ. ನಿಜವೋ ಆಸೆಯೋ ಗೊತ್ತಿಲ್ಲ.

ಇನ್ನೊಂದು ಮಾತು. ಮಾವನವರಿಗೂ ಸೊಂಟ ಹಿಡಿದಿದೆ, ತೊಟ್ಟಿಲ ಶಾಸ್ತ್ರದ ಬೆಳಿಗ್ಗೆಯೇ ನೀನು ಕಾಲು ಮುಟ್ಟಿಸುತ್ತೀಯ ಅಂತ ಕೃಷ್ಣ ಹೇಳಿದ. 'ಒಂದು ಎರಿಗೆ ಆದ್ಮೇಲೆ ಅಕ್ಕನ ಕಾಲಿಗೆ ಬಲ ಜಾಸ್ತಿ ಬಂದೈತೆ, ಈ ಸಲ ಪೂರಾ ನಿಂತೇ ತುಳೀಬೇಕು ಅಂತ ಅಪ್ಪಂದೇ ಅಟ' ಅಂದ. ಸೊಸೈಟಿಯಲ್ಲಿ ನೆಲದ ಮೇಲೆ ಕೂತು ಆ ಇಳಿಜಾರು ಪೆಟ್ಟಿಗೆಯ ಮೇಲೆ ಬಾಗಿ ಬರೆದು ಬರೆದು ಅವರ ಬೆನ್ನೂ ಸಾಕಾಗಿರುತ್ತದೆ. ಅವರದು ಬರೀ ಉಳುಕು ಇರಬಹುದು. ತುಳಿಸಬೇಡಿ ಅಂತ ಹೇಳೋಣವೆಂದು ಬಾಯಿಗೆ ಬಂತು, ಸುಮ್ಮನಾದೆ. ನಾಲ್ಕಕ್ಷರ ಟೈಪು ಮಾಡುವ ಅಳಿಯ ಡಾಕ್ಟರಾಗಿಬಿಟ್ಟ ಅಂತ ಮಾವನವರು ಅಂದುಕೊಂಡರೆ ಎಂಬ ಅಳುಕು. ಮೊದಲೇ ತೊಟ್ಟಿಲಿಗೆ ಬರುತ್ತಿಲ್ಲ, ಮೇಲೆ ಉಪದೇಶ ಬೇರೆ. ನಿನಗೆ ತೋಚಿದಂತೆ ನೋಡಿಕೋ. ನಿಲ್ಲುವುದಕ್ಕಿಂತ ಹೆಬ್ಬೆರಳು ಮುಟ್ಟಿಸಿದರೆ ಸಾಕು ಅನ್ನಿಸುತ್ತದೆ.

ಹೆಸರು ನಿನ್ನ ಇಷ್ಟದಂತೆ ಸ್ನೇಹ ಅಂತಲೇ ಇಡು. ನಾನು ಸಹನ ಅಂತ ಹಠ ಹಿಡಿದಿದ್ದೆ, ಬಾರದವನಿಗೆ ಹಠ ಎಲ್ಲಿಯದು? ಕಿವಿಯಲ್ಲಿ ಹೆಸರು ಹೇಳುವಾಗ ನನ್ನ ಪರವಾಗಿಯೂ ಒಂದು ಸಲ ಹೇಳು. ಮಾವ ಚಿಕ್ಕಮಾದಯ್ಯನವರಿಗೂ ಅತ್ತೆ ಪುಟ್ಟಲಕ್ಷ್ಮಮ್ಮನವರಿಗೂ ನನ್ನ ನಮಸ್ಕಾರ ತಿಳಿಸು, ಕೃಷ್ಣನಿಗೆ ಕಬ್ಬು ಸಿಹಿಯಾಗಿತ್ತು ಅನ್ನು. ಪುಟ್ಟಿಯ ಎರಡೂ ಪಾದಕ್ಕೆ ನನ್ನ ಮುತ್ತು. ಮುನಾವರ್ ಪಾಷಾ ಇವತ್ತು ಮಿಷಿನ್ ರಿಪೇರಿಗೆ ನಾಗಮಂಗಲಕ್ಕೆ ಹೋಗುತ್ತಾರೆ, ಅಲ್ಲಿ ಟಪ್ಪಾಲಿಗೆ ಹಾಕುತ್ತೇನೆ ಅಂದಿದ್ದಾರೆ. ಇಲ್ಲಿಂದ ಹಾಕುವುದಕ್ಕಿಂತ ಬೇಗ ಸೇರಬಹುದು.

ನೀನು ಬರುವ ದಾರಿ ಕಾಯುತ್ತಾ ನಿಂತಿರುವ, ಕೂರಲಾರದ,
ನಿನ್ನ ಶಂಕರ್

ಮರೆತ ಮಾತು: ಚಂದ್ರಾ, ಲಕೋಟೆಗೆ ಅಂಟು ಹಚ್ಚಿದ್ದನ್ನು ಬಿಚ್ಚಿ ಬರೆಯುತ್ತಿದ್ದೇನೆ. ಮುನಾವರ್ ಪಾಷಾ ಬಾಗಿಲಲ್ಲಿ ನಿಂತಿದ್ದಾರೆ, ಬಸ್ಸಿಗೆ ಹೊತ್ತಾಯಿತು. ಕಾಲು ಮುಗ್ಗರಿಸದ ಹಾಗೆ ಹಾಕಿಕೊಳ್ಳಿ ಅಂತ ಡಾಕ್ಟರು ಹೇಳಿದ ಬೂಟಿಗೆ ದಾರ ಕಟ್ಟಲು ಬಗ್ಗಲಾರದೆ ಇವತ್ತು ಹಳೆಯ ಚಪ್ಪಲಿಯನ್ನೇ ಮೆಟ್ಟಿದ್ದೆ. ಅವರಿಗೆ ಲಕೋಟೆ ಕೊಡಲು ಅಂಗಳಕ್ಕೆ ಇಳಿದೆ. ಅವರು 'ಕ್ಯಾ ಸಾಬ್, ಒಂದು ಚಪ್ಪಲ್ ಅಲ್ಲೇ ಬುಟ್ಟು ಬಂದ್ರಿ?' ಅಂದರು. ತಿರುಗಿ ನೋಡಿದರೆ ಎಡಗಾಲಿನ ಚಪ್ಪಲಿ ಹೊಸಲ ಹತ್ತಿರವೇ ಬಿದ್ದಿದೆ. ಬರಿಗಾಲಲ್ಲಿ ಅಂಗಳ ದಾಟಿದ್ದೇನೆ, ನನಗೆ ಗ್ಯಾನವೇ ಇಲ್ಲ. ಕೃಷ್ಣ ಹೇಳಿದ್ದೂ ಇದೇ ಅಲ್ಲವೇ? ಮಾವನವರದೂ ಎಡಗಾಲು. ನಾಯಿ ತಂದುಕೊಟ್ಟಿತು ಅಂತ ನಾವೆಲ್ಲ ನಕ್ಕೆವು. ಅದು ನಗುವ ವಿಷಯವಲ್ಲ ಚಂದ್ರಾ. ಅವರದು ಉಳುಕಲ್ಲ. ಅವರನ್ನು ಹಿಮ್ಮಡಿಯ ಮೇಲೆ ನಡೆಸಿ ನೋಡು, ಎಡಪಾದ ಏಳುತ್ತದೆಯೇ ಇಲ್ಲವೇ ನಿನಗೇ ಕಾಣುತ್ತದೆ. ಕೃಷ್ಣ ಅವರನ್ನು ಬಾಡಿಗೆ ಕಾರಿನಲ್ಲಿ ಮಲಗಿಸಿಕೊಂಡು ಮೈಸೂರಿಗೆ ಕರೆತರಲಿ, ಡಾಕ್ಟರ ವಿಳಾಸ ಮುನಾವರ್ ಪಾಷಾ ಹತ್ತಿರ ಇದೆ. ಟಪ್ಪಾಲು ಭಾನುವಾರಕ್ಕೆ ಮುಟ್ಟುತ್ತದೋ ಇಲ್ಲವೋ, ಅದಕ್ಕೇ ಪಾಷಾ ಅವರೇ ಬಿಂಡಿಗನವಿಲೆಯವರೆಗೆ ಬಂದು ಇದನ್ನು ನಿನ್ನ ಕೈಗೇ ಕೊಡುತ್ತಾರೆ. ಮಾವ ಬೈಯಲಿ, ಅತ್ತೆ ಅಳಲಿ, ಜಗಲಿಯಲ್ಲಿ ಊರೇ ಬಂದು ನಿಂತು ಹೇಳಲಿ, ಪುಕ್ಕಲನನ್ನು ಕಟ್ಟಿಕೊಂಡೆ ಅಂತ ನೀನೂ ಎಷ್ಟಾದರೂ ನಗು. ನಿಮ್ಮಪ್ಪನ ಬೆನ್ನಿನ ಮೇಲೆ ಕಾಲು ಮಾತ್ರ ಇಡಬೇಡ. ಹೆಬ್ಬೆರಳೂ ಬೇಡ.